ಎರಡು ದೇಶಗಳ ಮರವೂ ಅರ್ಥಶಾಸ್ತ್ರದ ಮೇಷ್ಟ್ರೂ

ಕಡೂರಿನ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. ಮರ, ಹಲಗೆ, ಕಾಗದ ಇಂಥ ಕಾಡಿನ ಸರಕುಗಳ ರಫ್ತಿನಲ್ಲಿ ಎರಡು ದೇಶಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸುವುದೆಂದರೆ ನನಗೆ ಬಲು ಇಷ್ಟ. ಗೆಲ್ಲುವುದು ಯಾವ ದೇಶವೇ ಆಗಲಿ, ಪ್ರತಿ ಸಲ ಸೋಲುವುದು ಮಾತ್ರ ನಾನು.

ಭಾರತ ಗೆದ್ದ ದಿನ

ತರಗತಿಯಲ್ಲಿ ಒಮ್ಮೆ ಬೋರ್ಡಿನ ಮೇಲೆ ಕೆನಡಾದ ರಫ್ತು ಬರೆದೆ, ಪಕ್ಕದಲ್ಲಿ ನಮ್ಮದು. ನೋಡಿ ನನಗೇ ರೋಮಾಂಚನ.

"ನೋಡ್ರಪ್ಪಾ, ಅಷ್ಟು ದೊಡ್ಡ ಕಾಡಿರೋ ಕೆನಡಾನೂ ನಮ್ಮ ಮುಂದೆ ಏನೂ ಅಲ್ಲ!"

ಹುಡುಗರು ಬೆಂಚು ಕುಟ್ಟಿ ಚಪ್ಪಾಳೆ ಹೊಡೆದರು. ಆ ಹುರುಪಿನಲ್ಲಿ ದೇಶಪ್ರೇಮದ ಬಗ್ಗೆ ಒಂದು ಭಾಷಣವನ್ನೂ ಬಿಗಿದೆ. ಅದು ಮುಗಿಯುವವರೆಗೆ ಕಾದಿದ್ದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಕೆನಡಾದ್ದು ಡಾಲರ್ ಲೆಕ್ಕ, ನಮ್ಮದು ರೂಪಾಯಿ ಲೆಕ್ಕ ಅಲ್ವಾ?"

ನಾನು ಬೋರ್ಡಿನ ಕಡೆ ತಿರುಗಿದೆ. ತಿರುಗಿದವನಿಗೆ ಮತ್ತೆ ಈ ಕಡೆ ತಿರುಗಲು ಧೈರ್ಯ ಬರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ:

"ಸುಮ್ನೆ ಕೂತ್ಕೊಳೇ! ಈಗ್ತಾನೆ ಕೈ ನೋಯೋ ಹಂಗೆ ಚಪ್ಪಾಳೆ ಹೊಡ್ದಿದೀವಿ!"

ಮುಂಬಾಗಿಲು

ಮನೆಗೆ ಮುಂಬಾಗಿಲು ಮಾಡಿಸಲು ನಾನೂ ನನ್ನ ಹೆಂಡತಿಯೂ ತರೀಕೆರೆಯ ಮರದ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ಎರಡು ಹಲಗೆ ತೋರಿಸಿದರು. "ಇದು ಮಲೇಶಿಯಾದ್ದು, ಇದು ನ್ಯೂಜಿಲೆಂಡ್‌ದು. ಯಾವ್ದು ಕೊಡ್ಲಿ ಸಾರ್?"

ಕೇಳಬಾರದಿತ್ತು ಅವರು. ಎರಡೂ ದೇಶಗಳ ರಫ್ತಿನ ಏರಿಳಿತವನ್ನು ನಿಂತಲ್ಲೇ ಬಿಡಿಸಿಟ್ಟೆ. ಬಂದಿದ್ದ ಗಿರಾಕಿಗಳು ಇಬ್ಬರು ಹಾಗೇ ವಾಪಸ್ ಹೋದರು. ಸಾಹೇಬರು ಪಾಪ, ಟೀ ತರಿಸಿ ಕುಡಿದು ಮುಗಿಸಿದರು.

"ಒಟ್ನಲ್ಲಿ, ಯಾವ ದೇಶ ಹೆಚ್ಚು ಕಳಿಸುತ್ತೋ ಅದರ ಮರಾನೇ ಒಳ್ಳೇದು" ಎಂದು ತೀರ್ಪು ಕೊಟ್ಟೆ.

ಹೆಂಡತಿ ಹಲಗೆ ತಟ್ಟಿ ನೋಡುತ್ತಾ ಅಂದಳು: "ಅಷ್ಟು ಒಳ್ಳೇದಾಗಿದ್ರೆ ಅವರ ಬಾಗಿಲಿಗೇ ಇಟ್ಕೊಳ್ತಿರ್ಲಿಲ್ವೇನ್ರೀ? ಹಡಗು ತುಂಬ್ಸಿ ಯಾಕೆ ಕಳಿಸ್ತಿದ್ರು?"

ಸಾಹೇಬರು ಟೀ ಲೋಟ ಕೆಳಗಿಟ್ಟರು. "ಸಾರ್, ಬೇಜಾರ್ ಮಾಡ್ಕೋಬೇಡಿ. ಇಷ್ಟೊತ್ತಿಂದ ನಂಗೆ ಅರ್ಥ ಆದ ಅರ್ಥಶಾಸ್ತ್ರ ಇದೊಂದೇ."

ನಮ್ಮ ಮನೆಗೆ ಈಗ ಇರುವುದು ಊರಿನ ಹಲಸಿನ ಬಾಗಿಲು.

ಮಾವನವರ ಎದುರು

ಯಗಟಿಯಲ್ಲಿ ಕುರಿ, ರಾಗಿ ನೋಡಿಕೊಂಡಿರುವ ನಮ್ಮ ಮಾವನವರಿಗೆ ಮೊದಲಿಂದಲೂ ನನ್ನ ಮೇಲೊಂದು ಅನುಮಾನ. "ನಿಮ್ಮೆಜಮಾನ್ರು ಕಾಲೇಜಲ್ಲಿ ನಿಜವಾಗ್ಲೂ ಏನ್ ಮಾಡ್ತಾರಮ್ಮಾ?" ಎಂದು ಮಗಳನ್ನು ಆಗಾಗ ಕೇಳುತ್ತಿದ್ದರು. ಹಾಗಾಗಿ ಅಜ್ಜಂಪುರದ ವಿಚಾರಗೋಷ್ಠಿಯಲ್ಲಿ ಮಾತಾಡಲು ಕರೆ ಬಂದಾಗ ಅವರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದೆ. ಮಾನ ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ.

ಹಳೇ ಪುಸ್ತಕದಿಂದ ಒಂದು ದೇಶ, ಹೊಸ ಪಟ್ಟಿಯಿಂದ ಇನ್ನೊಂದು ದೇಶ ಆರಿಸಿಕೊಂಡಿದ್ದೆ. ಒಂದು ಹಾಲೆಂಡ್, ಇನ್ನೊಂದು ನೆದರ್ಲೆಂಡ್ಸ್. ಕಾಗದ, ಹಲಗೆಯ ರಫ್ತಿನಲ್ಲಿ ಎರಡಕ್ಕೂ ಅಜಗಜಾಂತರ. ಕಾರಣಗಳನ್ನೂ ವಿವರಿಸಿದೆ. ನೆದರ್ಲೆಂಡ್ಸ್ ಜನ ಶ್ರಮಜೀವಿಗಳು, ಹಾಲೆಂಡಿನವರು ಸ್ವಲ್ಪ ಸೋಮಾರಿಗಳು ಅಂದೆ. ಮಾವನವರು ತಲೆಯಾಡಿಸುತ್ತಿದ್ದರು. ನನ್ನ ದನಿ ಇನ್ನೂ ಏರಿತು.

ಕೊನೆಗೆ ಅಧ್ಯಕ್ಷರು ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ಈ ಎರಡು ದೇಶ ಒಂದಕ್ಕೊಂದು ಎಷ್ಟು ದೂರ?"

"ದೂರ ಇಲ್ಲ ಸಾರ್, ತುಂಬಾ ಹತ್ತಿರ."

"ತುಂಬಾನೇ ಹತ್ತಿರ ಕಣ್ರೀ. ಎರಡೂ ಒಂದೇ ದೇಶ!"

ಸಭೆಯ ನಗು ನಿಲ್ಲುವ ಮೊದಲೇ ಮಾವನವರ ಕೈ ಹಿಡಿದು ಬಸ್ ಹತ್ತಿಸಿದೆ. ಊರು ಹತ್ತಿರ ಬಂದಾಗ ಅವರು ನನ್ನ ಕಡೆ ವಾಲಿ, ಬಹಳ ಮರ್ಯಾದೆಯಿಂದ ಕೇಳಿದರು:

"ಚೆನ್ನಾಗೇ ಮಾತಾಡಿದ್ರಿ ಅಳಿಯಂದ್ರೇ. ಆದ್ರೆ ಅದು ಒಂದೇ ದೇಶ ಅಂದ್ಮೇಲೆ, ಆ ಸೋಮಾರಿ ಯಾರು?"