ಗೋಡೆಗೆ ಹಚ್ಚಿದ ಸಮಾಚಾರ

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂಬ ಗಾದೆಯನ್ನು ಕಟ್ಟಿದವನು ಯಾರೋ ತಿಳಿಯದು. ಅವನು ಒಂದಲ್ಲ ಒಂದು ಕಾಲದಲ್ಲಿ ಮುನಿಸಿಪಲ್ ಮೆಂಬರನಾಗಿದ್ದಿರಬೇಕು ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಈ ಎರಡು ಕೆಲಸಗಳಲ್ಲಿ ಹೆಣದ ಶೃಂಗಾರವೇ ಎಷ್ಟೋ ಮೇಲು. ಹೆಣ ತಿರುಗಿ ಮಾತನಾಡುವುದಿಲ್ಲ, ನಮ್ಮ ಬಚ್ಚಲ ನೀರಿನ ವಿಷಯವನ್ನು ಬೀದಿಯಲ್ಲಿ ಎತ್ತುವುದೂ ಇಲ್ಲ. ನಮ್ಮ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಕಡೂರಿನವರು ಇದನ್ನು ತರೀಕೆರೆ ಎಂದುಕೊಳ್ಳಲಿ, ತರೀಕೆರೆಯವರು ಕಡೂರು ಎಂದುಕೊಳ್ಳಲಿ, ಅಜ್ಜಂಪುರದವರು ಇಬ್ಬರನ್ನೂ ನೋಡಿ ನಗುತ್ತಿರಲಿ. ಯಾರ ಮನಸ್ಸಿಗೂ ನೋವಾಗಬಾರದು.

ನಾನು ಮೆಂಬರನಾದದ್ದು ನನ್ನ ಯೋಗ್ಯತೆಯಿಂದ ಎಂದು ನಾನು ತಿಳಿದಿದ್ದೆ. ನನ್ನ ತೆಂಗಿನ ತೋಟದ ಎಳನೀರಿನಿಂದ ಎಂದು ಊರು ತಿಳಿದಿತ್ತು. ಏನೇ ಇರಲಿ, ಸರ್ಕಾರದವರು ನನ್ನನ್ನು ನೇಮಿಸಿದರು, ನಾನೂ ಒಂದು ಕರಿಯ ಕೋಟು ಹೊಲಿಸಿಕೊಂಡೆ. ಆ ಕೋಟು ತೊಟ್ಟು ನಾನು ಕಂಡ ಊರಸೇವೆಯ ವೈಭವವನ್ನು ಏನೆಂದು ಹೇಳಲಿ. ಬೀದಿಗೆ ಸೀಮೆಎಣ್ಣೆಯ ದೀಪಗಳಿದ್ದವು, ಆದರೆ ಶುಕ್ಲಪಕ್ಷದಲ್ಲಿ ಅವನ್ನು ಹಚ್ಚುತ್ತಿರಲಿಲ್ಲ. ಬೆಳುದಿಂಗಳಿರುವಾಗ ಎಣ್ಣೆ ಏಕೆ ದಂಡ ಎಂಬುದು ನಿಯಮ. ಆಷಾಢದ ಮೋಡ ಕವಿದು ಎದುರಿಗೆ ಬಂದ ಎಮ್ಮೆ ಕಾಣದಿದ್ದರೂ ಪಂಚಾಂಗದಲ್ಲಿ ಚಂದ್ರನಿರುತ್ತಿದ್ದ. ನಮ್ಮ ದೀಪದವನಿಗೆ ಅಷ್ಟು ಸಾಕಾಗಿತ್ತು. ಚರಂಡಿಯನ್ನೂ ಕಟ್ಟಿಸಿದ್ದರು. ಅದರ ಕೊನೆ ಮೊದಲಿಗಿಂತ ಎತ್ತರವಾಗಿದ್ದುದರಿಂದ ನೀರು ಎಲ್ಲಿ ಹುಟ್ಟಿತೋ ಅಲ್ಲಿಗೇ ತಿರುಗಿ ಬರುತ್ತಿತ್ತು. ಸಭೆಯಲ್ಲಿ ಇದನ್ನು ಕುರಿತು ಚರ್ಚೆಯಾಗುತ್ತಿರಲಿಲ್ಲ. ಮೆಂಬರುಗಳಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿದ್ದರು, ಉಳಿದವರು ನಿದ್ದೆ ಮಾಡುವವರಿಗೆ ತೊಂದರೆಯಾಗಬಾರದೆಂದು ಮೆತ್ತಗೆ ಎಲೆಯಡಿಕೆ ಹಾಕುತ್ತಿದ್ದರು. ಅಧ್ಯಕ್ಷರಾದ ಅಮಲ್ದಾರರು ಮಾತ್ರ ಎಚ್ಚರವಾಗಿರುತ್ತಿದ್ದರು. ಆದಷ್ಟು ಬೇಗ ಮನೆಗೆ ಹೋಗಬೇಕೆಂಬುದು ಅವರ ಒಂದೇ ಆಸೆ.

ಇಂಥ ಮುನಿಸಿಪಾಲಿಟಿಯ ಸಮಾಚಾರಗಳನ್ನು ಊರಿಗೆ ಮುಟ್ಟಿಸುತ್ತಿದ್ದವನು ತಮಟೆಯ ಕೆಂಚಪ್ಪ. ಸಿಡುಬು ಬರದಂತೆ ದೇವಿ ಹಾಕುವವರು ಬರುತ್ತಾರೆ, ಬಾವಿಗೆ ಔಷಧಿ ಹಾಕಿದೆ ನೀರು ಸೇದಬೇಡಿ, ಬೀಡಾಡಿ ದನಗಳನ್ನು ದೊಡ್ಡಿಗೆ ಹೊಡೆಯುತ್ತಾರೆ, ಹೀಗೆ ಏನಿದ್ದರೂ ಅವನು ಬೀದಿ ಬೀದಿಗೆ ನಿಂತು ಸಾರಬೇಕು. ಸಾರಿ ಹೋಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಕೆಂಚಪ್ಪನಿಗೆ ಹುಕುಮಿನ ಜೊತೆಗೆ ತನ್ನ ಸ್ವಂತದ್ದನ್ನೂ ಸ್ವಲ್ಪ ಸೇರಿಸುವ ಚಟ. ದೇವಿ ಹಾಕುವವರು ಬರುತ್ತಾರೆ ಎಂದು ಹೇಳಿ, ಹೋದ ಸಲ ಯಾರ ಯಜಮಾನರು ಹೆದರಿಕೊಂಡು ಅಟ್ಟ ಹತ್ತಿದ್ದರು ಎಂಬುದನ್ನೂ ತಿಳಿಸುತ್ತಿದ್ದ. ಜನ ಕೆಲಸ ಬಿಟ್ಟು ಬಂದು ಕೇಳುತ್ತಿದ್ದರು. ತನಗಿಂತ ಚೆನ್ನಾಗಿ ಸಾರುವವನು ಚಿತ್ರದುರ್ಗದವರೆಗೆ ಇಲ್ಲವೆಂದು ಅವನೇ ಹೇಳಿಕೊಳ್ಳುತ್ತಿದ್ದ.

ಒಂದು ದಿನ ನಾನು ಊಟ ಮಾಡಿ ಮಲಗಿದ್ದೆ. ನಮ್ಮ ಜಗಲಿಯ ಮುಂದೆಯೇ ತಮಟೆ ಬಿತ್ತು. "ಕೇಳ್ರಪ್ಪೋ ಕೇಳ್ರಿ, ಮುನ್ಸಿಪಾಲ್ಟಿ ಹುಕುಂ ಆಗೈತೆ. ಬಚ್ಲು ನೀರ್ನ ಬೀದಿಗೆ ಬಿಡಂಗಿಲ್ಲ. ಬಿಟ್ಟೋರಿಗೆ ಜುಲ್ಮಾನೆ. ಈ ಮನೇವ್ರಿಗೂ ಸೇರಿ." ಎದುರು ಮನೆಯ ಪಟೇಲ ಸಿದ್ದೇಗೌಡರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ನಾನು ಹೊರಗೆ ಬಂದು, "ಏನೋ ಅದು, ಈ ಮನೇವ್ರಿಗೂ ಸೇರಿ ಅಂದರೆ?" ಎಂದು ಗದರಿಸಿದೆ. ಕೆಂಚಪ್ಪ ನನ್ನ ಮುಖವನ್ನು ನೋಡಲಿಲ್ಲ. ನಮ್ಮ ಬಚ್ಚಲಿನಿಂದ ಜಗಲಿಯ ಕೆಳಗೆ ಹಾಯ್ದು ಬೀದಿಗೆ ಹೋಗುತ್ತಿದ್ದ ನೀರನ್ನು ನೋಡಿ, "ಎಲ್ರಿಗೂ ಒಂದೇ ಕಾನೂನು ಅಂದೆ ಕಣ್ ಸ್ವಾಮಿ, ಅಷ್ಟೇಯ" ಎಂದು ಮುಂದಿನ ಮನೆಗೆ ಹೋದ.

ಅಂದೇ ನಾನು ತೀರ್ಮಾನಿಸಿದೆ. ಇಪ್ಪತ್ತನೆಯ ಶತಮಾನ ಬಂದಿದೆ, ರೈಲು ಬಂದಿದೆ, ಮೈಸೂರಿನಲ್ಲಿ ದಿವಾನರು ಹಗಲಿರುಳು ಪ್ರಗತಿಯ ವಿಷಯ ಮಾತನಾಡುತ್ತಿದ್ದಾರೆ, ನಮ್ಮ ಊರಿನಲ್ಲಿ ಮಾತ್ರ ಇನ್ನೂ ಚರ್ಮ ಬಡಿದು ಆಡಳಿತ ನಡೆಯಬೇಕೆ? ಮುಂದಿನ ಸಭೆಯಲ್ಲಿ ಒಂದು ನಿರ್ಣಯ ತಂದೆ. ಇನ್ನು ಮುಂದೆ ಮುನಿಸಿಪಾಲಿಟಿಯ ಯಾವ ಸಮಾಚಾರವನ್ನೂ ಬಾಯಿಮಾತಿನಲ್ಲಿ ತಿಳಿಸಕೂಡದು, ಎಲ್ಲವನ್ನೂ ಬರೆದು ಚಾವಡಿಯ ಗೋಡೆಗೆ ಹಚ್ಚತಕ್ಕದ್ದು, ದೊಡ್ಡಿಯ ದನಗಳನ್ನು ಗಡುವಿನೊಳಗೆ ಬಿಡಿಸಿಕೊಳ್ಳದಿದ್ದರೆ ಸಂತೆಯ ದಿನ ಹರಾಜು ಹಾಕತಕ್ಕದ್ದು, ಗಡುವು ಮೀರಿ ಬಂದ ಮಾಲೀಕರ ಮಾತನ್ನು ಕೇಳಕೂಡದು. ಕೊನೆಯ ವಾಕ್ಯ ನನಗೆ ಬಹಳ ಹಿಡಿಸಿತ್ತು. ಅದರಲ್ಲಿ ಒಂದು ಗತ್ತಿತ್ತು. ನಿದ್ದೆ ಮಾಡುತ್ತಿದ್ದವರು ಕೈ ಎತ್ತಿದರು, ನಿರ್ಣಯ ಪಾಸಾಯಿತು. ಕೆಂಚಪ್ಪನ ತಮಟೆಯನ್ನು ಕಚೇರಿಯ ಮೂಲೆಯಲ್ಲಿ ಇಡಿಸಿದೆವು. ಅವನು ಸುಮ್ಮನೆ ಕೂರಬಾರದೆಂದು ಅಂಟಿನ ಕುಡಿಕೆಯನ್ನೂ ದನದ ದೊಡ್ಡಿಯ ಬೀಗದ ಕೈಯನ್ನೂ ಅವನಿಗೇ ಒಪ್ಪಿಸಿದೆವು.

ಅಂಟಿನ ವಿಷಯದಲ್ಲಿಯೂ ನನ್ನ ಬುದ್ಧಿ ಕೆಲಸ ಮಾಡಿತು. ಹಿಟ್ಟು ಕುದಿಸಿ ಮಾಡಿದ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಬೇಕೆಂದು ಗುಮಾಸ್ತ ಹೇಳಿದ. ಸಾರ್ವಜನಿಕರ ಹಣದಲ್ಲಿ ಮೈಲುತುತ್ತವೇ? ಉಪ್ಪಿನಕಾಯಿಗೆ ಹುಳ ಹಿಡಿಯುತ್ತದೆಯೇ? ಉಪ್ಪು ಬೆರೆಸಿ ಎಂದೆ. ಎಲ್ಲರೂ ಮೆಚ್ಚಿಕೊಂಡರು. ರಾಗಿ ಹಿಟ್ಟಿನ ಗಟ್ಟಿ ಸರಿಗೆ ಧಾರಾಳವಾಗಿ ಉಪ್ಪು ಹಾಕಿ ಗೋಡೆಗೆ ಬಳಿದರೆ ಅದನ್ನು ಯಾರು ಬಯಸಿ ಬರುತ್ತಾರೆಂಬುದು ದನ ಸಾಕಿದ ಯಾವ ಮನೆಯ ಮಗುವಿಗಾದರೂ ಗೊತ್ತು. ನಮ್ಮ ಸಭೆಯಲ್ಲಿ ಮಕ್ಕಳಿರಲಿಲ್ಲ.

ಇಲ್ಲಿ ನಮ್ಮ ಗಂಗೆಯ ವಿಷಯ ಹೇಳಬೇಕು. ಗಂಗೆ ನನ್ನ ಹೆಂಡತಿ ತವರಾದ ಬುಕ್ಕಾಂಬುಧಿಯಿಂದ ತಂದ ಹಸು. ಅಜ್ಜಂಪುರದ ಕಾವಲಿನ ಅಮೃತಮಹಲ್ ತಳಿಯ ರಕ್ತ ಅದರ ಮೈಯಲ್ಲಿ ಹರಿಯುತ್ತಿತ್ತು, ಅಂದರೆ ಹಾಲು ಕಡಿಮೆ, ಹಮ್ಮು ಹೆಚ್ಚು. ದನ ಕಾಯುವವನ ಮಾತನ್ನು ಅದು ಎಂದೂ ಕೇಳಿದ್ದಿಲ್ಲ. ನನ್ನ ಮಾತನ್ನಂತೂ ಕೇಳುವ ಪ್ರಶ್ನೆಯೇ ಇಲ್ಲ. ಹೆಂಡತಿ ಕರೆದರೆ ಮಾತ್ರ ಬರುತ್ತಿತ್ತು. ಆಗ ಅದು ತುಂಬು ಗಬ್ಬ. ನಮ್ಮ ಮಗಳು ಪುಟ್ಟಲಕ್ಷ್ಮಿಯೂ ಮೊದಲ ಹೆರಿಗೆಗೆಂದು ಬಂದಿದ್ದಳು. ಮಗಳು ಹೆರುವ ಹೊತ್ತಿಗೆ ಗಂಗೆಯೂ ಕರು ಹಾಕುತ್ತಾಳೆ, ಬಾಣಂತಿಗೆ ಮನೆಯ ಹಾಲು, ಕೂಸಿಗೆ ಮನೆಯ ಹಾಲು ಎಂದು ನನ್ನ ಹೆಂಡತಿ ಲೆಕ್ಕ ಹಾಕಿದ್ದಳು. ಮನೆಯಲ್ಲಿ ಇಬ್ಬರಿಗೂ ಒಂದೇ ಉಪಚಾರ ನಡೆಯುತ್ತಿತ್ತು.

ಆ ಗಂಗೆ ಒಂದು ಸಂಜೆ ಮನೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಹೆಂಡತಿ ಕೆರೆ ಏರಿಯ ಮೇಲೆ ನಿಂತು ಕೂಗಿದಳು, ತೋಟವನ್ನೆಲ್ಲ ಹುಡುಕಿಸಿದಳು, ಅಂತರಘಟ್ಟಮ್ಮನಿಗೆ ಮುಡಿಪು ಕಟ್ಟಿದಳು. ಗಬ್ಬದ ಹಸು ತವರಿನ ದಾರಿ ಹಿಡಿದಿರಬಹುದೆಂದು ಬುಕ್ಕಾಂಬುಧಿಗೆ ಆಳು ಹೋದ, ಬರಿಗೈಯಲ್ಲಿ ಬಂದ. ಪುಟ್ಟಲಕ್ಷ್ಮಿ ಕೊಟ್ಟಿಗೆಯ ಬಾಗಿಲಲ್ಲಿ ಹೋಗಿ ಕೂರುತ್ತಿದ್ದಳು. ತುಂಬು ಬಸುರಿಗೆ ಅದು ಅಪಶಕುನವಾಗಿ ಕಂಡಿತ್ತೆಂದು ಆಮೇಲೆ ತಿಳಿಯಿತು. ನನಗೂ ಒಳಗೊಳಗೆ ಭಯವಾಗಿತ್ತು, ಆದರೆ ಮೆಂಬರನಾದವನು ಹಸುವಿಗಾಗಿ ಭಯಪಡುವುದನ್ನು ತೋರಿಸಬಾರದು.

"ಅಲ್ಲಾ ಕಣ್ರೀ, ದೊಡ್ಡೀಲೊಂದ್ಸಲ ನೋಡಿಸ್ಬಾರ್ದಾ?" ಎಂದಳು ಹೆಂಡತಿ.

"ದೊಡ್ಡಿ ಇರುವುದು ಬೀಡಾಡಿ ದನಗಳಿಗೆ. ಮೆಂಬರನ ಮನೆಯ ಹಸುವನ್ನು ದೊಡ್ಡಿಗೆ ಹೊಡೆಯುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ?"

"ಹಂಗಾದ್ರೆ ಕೆಂಚಪ್ಪಂಗೆ ಹೇಳಿ ಒಂದಪ ತಮಟೆ ಹಾಕ್ಸಿ. ಕಂಡೋರು ಯಾರಾದ್ರೂ ಹೇಳ್ತಾರೆ."

ಆ ಹೆಸರನ್ನು ಕೇಳಿದೊಡನೆ ನನ್ನ ಮೈ ಉರಿಯಿತು. ನಾನೇ ಕುಳಿತು ಒಂದು ಪ್ರಕಟಣೆ ಬರೆದೆ. "ಶ್ವೇತವರ್ಣದ, ದೀರ್ಘಶೃಂಗಗಳುಳ್ಳ, ಗರ್ಭಿಣಿಯಾದ ಧೇನುವೊಂದು ಕಾಣೆಯಾಗಿರುತ್ತದೆ" ಎಂದು ಮೊದಲಾಗಿ ಅಂದವಾಗಿ ಬರೆದು ಚಾವಡಿಗೆ ಕಳುಹಿಸಿದೆ. ಅದನ್ನು ಓದಿ ಯಾರೂ ಬರಲಿಲ್ಲ. ನಮ್ಮ ಜನಕ್ಕೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ ಎಂದು ನಾನು ಸಿದ್ದೇಗೌಡರ ಮುಂದೆ ಬಹಳ ಹೊತ್ತು ಬೈದುಕೊಂಡೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಒಳಗೆ ಹೋದರು.

ಸಂತೆಯ ದಿನ ಬೆಳಿಗ್ಗೆ ಹೆಂಡತಿ ಬಾವಿಗೆ ಹೋದವಳು ಖಾಲಿ ಕೊಡದೊಂದಿಗೆ ತಿರುಗಿ ಬಂದಳು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ಹೊಗಳುತ್ತಿದ್ದರಂತೆ. "ಏನ್ ನ್ಯಾಯವಂತ್ರವ್ವಾ ನಿಮ್ಮೆಜಮಾನ್ರು, ತಾವು ಮಾಡಿದ್ ಕಾನೂನು ತಮ್ಗೂ ಸೇರಿ ಅಂತ ಸ್ವಂತ ಹಸೀನೇ ದೊಡ್ಡೀಲಿ ಕೂಡಾಕವ್ರೆ. ಇವತ್ತು ಹರಾಜಂತಲ್ಲ" ಎಂದರಂತೆ. ನಾನು ಎಂಥವನೆಂದು ಹೇಳಲಿ, ನ್ಯಾಯವಂತ ಎಂಬ ಮಾತು ಒಂದು ಕ್ಷಣ ನನ್ನ ಕಿವಿಗೆ ಇಂಪಾಗಿಯೇ ಕೇಳಿಸಿತು. "ಹೌದೇ, ಹಾಗೆ ಹೇಳಿದರೇ?" ಎಂದು ಕೇಳಿಯೂಬಿಟ್ಟೆ. ಅವಳು ಗೂಟಕ್ಕೆ ಸುತ್ತಿದ್ದ ಗಂಗೆಯ ಹಗ್ಗವನ್ನು ಬಿಚ್ಚಿಕೊಂಡು ಬೀದಿಗಿಳಿದಳು. ನಾನು ಕೋಟು ಸಿಕ್ಕಿಸಿಕೊಂಡು, ರುಮಾಲನ್ನು ಮರೆತು, ಹಿಂದೆಯೇ ಓಡಿದೆ.

ದೊಡ್ಡಿಯ ಬಾಗಿಲಲ್ಲಿ ಸಂತೆಯ ಜನ ಸೇರಿತ್ತು. ಅಮಲ್ದಾರರು ಕುರ್ಚಿಯಲ್ಲಿದ್ದರು. ಒಳಗೆ ಗಂಗೆ ನಿಂತಿತ್ತು, ಪಕ್ಕೆಲುಬು ಕಾಣುವಂತೆ ಸೊರಗಿತ್ತು, ಹಮ್ಮು ಮಾತ್ರ ಹಾಗೆಯೇ ಇತ್ತು. ಪಂಚನಹಳ್ಳಿಯ ಕಡೆಯಿಂದ ಬಂದ ದನದ ವ್ಯಾಪಾರಿಯೊಬ್ಬ ಅದರ ಹಲ್ಲು ನೋಡುತ್ತಿದ್ದ.

"ಲೇ ಕೆಂಚಪ್ಪ, ನನ್ನ ಹಸುವೆಂದು ಗೊತ್ತಿದ್ದೂ ನನಗೆ ಒಂದು ಮಾತು ಹೇಳಲಿಲ್ಲವಲ್ಲೋ" ಎಂದೆ.

"ಬಾಯ್ಮಾತ್ನಲ್ಲಿ ಹೇಳ್ಬಾರ್ದು ಅಂತ ತಮ್ದೇ ಹುಕುಂ ಅಲ್ವ್ರಾ ಸ್ವಾಮಿ? ನಿಮ್ಮ ಹಸ ಚಾವ್ಡಿ ಗ್ವಾಡೇಲಿದ್ದ ನೋಟೀಸ್ನೆಲ್ಲ ತಿಂದಾಕ್ತು, ಹಿಡ್ದು ಕೂಡ್ದೆ. ಹಿಂಗಾಗೈತೆ ಅಂತ ಗುಮಾಸ್ತ್ರು ಬರ್ಕೊಟ್ರು, ಅದ್ನೂ ಹಚ್ದೆ. ಅದ್ನ ಪಟೇಲ್ರೆಮ್ಮೆ ತಿಂತು. ತಾವ್ ಬರ್ದಿದ್ದೂ ಹಚ್ದೆ. ಅದು ಯಾರ್ ತಿಂದ್ರೋ ನಾನು ಕಾಣೆ. ನಿಮ್ಮ ಅಂಟು ಬಲೇ ರುಚಿಯಾಗೈತೆ ಬುಡಿ."

ಜನ ನಕ್ಕರು. ಸಿದ್ದೇಗೌಡರು ಮುಂದೆ ಬಂದು, "ನೋಟೀಸು ಹಾಕೈತೆ, ಬರ್ದೋರೇ ಓದಿರ್ತಾರೆ ಬುಡು ಅಂದ್ಕೊಂಡ್ವಿ ಕಣ್ರೀ" ಎಂದರು. ನಾನು ಅಮಲ್ದಾರರ ಕಡೆ ತಿರುಗಿ, ಹಸು ನನ್ನದು, ಬಿಡಿಸಿ ಎಂದೆ. ಅವರು ನಿಧಾನವಾಗಿ, "ಗಡುವು ಮೀರಿ ಬಂದ ಮಾಲೀಕರ ಮಾತನ್ನು ಕೇಳಕೂಡದು" ಎಂದು ನನ್ನ ವಾಕ್ಯವನ್ನು ನನಗೇ ಒಪ್ಪಿಸಿದರು. ಅದರ ಗತ್ತು ಆ ಹೊತ್ತಿನಲ್ಲಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆಮೇಲೆ ಅವರೇ, "ನೋಟೀಸು ಸರಿಯಾಗಿ ಪ್ರಕಟವಾಗಿರದಿದ್ದರೆ ಹರಾಜು ನಿಲ್ಲುತ್ತದೆ. ಆಗಿಲ್ಲವೆಂದು ತಾವು ಹೇಳುವಿರೋ?" ಎಂದು ಕೇಳಿದರು.

ವ್ಯಾಪಾರಿ ಗಂಗೆಗೆ ಕಟ್ಟಲೆಂದು ತನ್ನ ಹೆಗಲ ಹಗ್ಗ ಬಿಚ್ಚುತ್ತಿದ್ದ. ನನ್ನ ಹೆಂಡತಿ ನನ್ನ ಕಡೆ ನೋಡುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. "ಆಗಿಲ್ಲ" ಎಂದೆ. "ಯಾರೂ ಓದಿಲ್ಲ, ನಾನೂ ಓದಿಲ್ಲ. ಎಲ್ಲವನ್ನೂ ದನಗಳು ತಿಂದಿವೆ."

"ಹಾಗಾದರೆ ಊರಿಗೆ ಸಮಾಚಾರ ಮುಟ್ಟಿಸುವುದು ಹೇಗೆ? ಗುಮಾಸ್ತ ಬರೆದುಕೊಳ್ಳುತ್ತಾನೆ, ಹೇಳಿ."

ನಾನು ಕೋಟಿನ ಗುಂಡಿಗಳನ್ನು ಹಾಕಿಕೊಳ್ಳತೊಡಗಿದೆ. "ತಮಟೆ ಅಂತ ಹೇಳ್ರೀ" ಎಂದಳು ಹೆಂಡತಿ. ಹೇಳಿದೆ. ಹಿಂದಿದ್ದವರಿಗೆ ಕೇಳಿಸಲಿಲ್ಲವಂತೆ, ಇನ್ನೊಂದು ಸಲ ಹೇಳಿಸಿದರು. ಕೆಂಚಪ್ಪ ಬೀಗ ತೆಗೆದ. ನನ್ನ ಹೆಂಡತಿ "ಗಂಗೀ" ಎಂದು ಕರೆದೊಡನೆ ಆ ಹಸು ಅಮಲ್ದಾರರನ್ನೂ ನನ್ನನ್ನೂ ಕಡೆಗಣಿಸಿ ಅವಳ ಹಿಂದೆ ಮನೆಯ ದಾರಿ ಹಿಡಿಯಿತು. ನಾನು ಆ ಇಬ್ಬರ ಹಿಂದೆ, ಬರಿದಲೆಯಲ್ಲಿ, ಸಂತೆಯ ನಡುವೆ ನಡೆದು ಬಂದೆ.

ಮುಂದಿನ ಸಭೆಯಲ್ಲಿ ತಮಟೆ ಮೂಲೆಯಿಂದ ಹೊರಗೆ ಬಂತು. ಆ ನಿರ್ಣಯಕ್ಕೂ ನಿದ್ದೆಯಲ್ಲಿದ್ದವರೇ ಕೈ ಎತ್ತಿದರು. ಅಷ್ಟರಲ್ಲಿ ಪುಟ್ಟಲಕ್ಷ್ಮಿಗೆ ಹೆಣ್ಣು ಮಗುವಾಗಿತ್ತು, ಗಂಗೆಯೂ ಹೆಣ್ಣು ಕರುವನ್ನೇ ಹಾಕಿತ್ತು. ಮನೆ ತುಂಬ ಗಿಣ್ಣಿನ ವಾಸನೆ. ಕೆಂಚಪ್ಪ ತನ್ನ ಮೊದಲ ಸಾರಿಕೆಯನ್ನು ಇಟ್ಟುಕೊಂಡದ್ದು ಬೇರೆ ಎಲ್ಲಿಯೂ ಅಲ್ಲ, ನಮ್ಮ ಜಗಲಿಯ ಮುಂದೆ. ಹೆಂಡತಿ ಅವನಿಗೆ ಗಿಣ್ಣು ಕೊಟ್ಟಳು. ಅವನು ತಿಂದು, ಬಾಯಿ ಒರೆಸಿಕೊಂಡು, ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ. ಬೀದಿಯವರೆಲ್ಲ ಬಂದು ನಿಂತರು.

"ಕೇಳ್ರಪ್ಪೋ ಕೇಳ್ರಿ, ಮೆಂಬರ್ ಮನೇಲಿ ಮಗ್ಳಿಗೆ ಹೆಣ್ಮಗ, ಹಸೀಗೆ ಹೆಣ್ಗರ. ಎಲ್ರೂ ಚೆನ್ನಾಗವ್ರೆ. ಇನ್ನೊಂದು ಮುನ್ಸಿಪಾಲ್ಟಿ ಹುಕುಂ. ಹಳೇದೇಯ. ಬಚ್ಲು ನೀರ್ನ ಬೀದಿಗೆ ಬಿಡಂಗಿಲ್ಲ. ಈ ಮನೇವ್ರಿಗೂ ಸೇರಿ."

ನಾನು ಜಗಲಿಯ ಮೇಲೆ ನಿಂತು ಒಳ್ಳೆಯ ಪ್ರಜೆಯಂತೆ ತಲೆಯಾಡಿಸುತ್ತ ಕೇಳಿದೆ. ಒಳಗೆ ಬಾಣಂತಿಗೆ ನೀರು ಎರೆಯುತ್ತಿದ್ದರು. ಆ ನೀರು ಎಂದಿಗಿಂತ ಹೆಚ್ಚಾಗಿಯೇ ನನ್ನ ಕಾಲ ಕೆಳಗೆ ಹಾಯ್ದು ಬೀದಿಗೆ ಹೋಗುತ್ತಿತ್ತು.