ಕೋಲು ನಾನೇ ತರ್ತೀನಿ ಸಾರ್

"ಇವತ್ತು ಬಾರಿಸಿಯೇ ಬಾರಿಸ್ತೀನಿ! ಗೋಡೆ ಅದುರಬೇಕು, ನೋಡ್ತಿರು!" ಗ್ರಂಥಾಲಯದ ಸಹಾಯಕ ಹೆಂಡತಿಯೆದುರು ಎದೆ ಸೆಟೆಸಿ ಘೋಷಿಸಿದ.

"ಮೊದಲು ಒದ್ದೆ ಟವೆಲ್ ಒಣಗಿಹಾಕಿ" ಎಂದಳು ಅವಳು.

ಹನ್ನೊಂದು ವರ್ಷ ಓದುಗರಿಗೆ "ಶ್..." ಎನ್ನುತ್ತಲೇ ಸಂಬಳ ತಿಂದವನಿಗೆ ಡ್ರಮ್ಮಿನ ಹುಚ್ಚು ಹಿಡಿದದ್ದು ತಪ್ಪೇ? ಮನೆಯಲ್ಲಿ ಬಾರಿಸಿದರೆ ಕೆಳಗಿನ ಮಹಡಿಯವರು ಸುಮ್ಮನಿದ್ದಾರೆಯೇ! ಅದಕ್ಕೇ ವಾರಕ್ಕೊಂದು ಗಂಟೆ ಬಾಡಿಗೆ ಸ್ಟುಡಿಯೋ. ಅಂದು ಅವನ ಉತ್ಸಾಹ ಮುಗಿಲು ಮುಟ್ಟಿತ್ತು. ಕೆಲಸ ಕಾಯಂ ಆಗುವ ಕಾಗದಕ್ಕೆ ಮುಖ್ಯ ಗ್ರಂಥಪಾಲಕರು ಮರುದಿನ ಸಹಿ ಹಾಕುವವರಿದ್ದರು. ಎರಡು ವರ್ಷ ಸತಾಯಿಸಿ ಕೊನೆಗೂ ಒಪ್ಪಿದ್ದರು.

ಸ್ಟುಡಿಯೋ ಮಾಲೀಕ ಅವನನ್ನು ಕಂಡು ಹುಬ್ಬೇರಿಸಿದ. "ಬರ್ತೀನಿ ಅಂತ ಒಂದು ಮೆಸೇಜ್ ಹಾಕೋದಲ್ವಾ?"

"ಮಧ್ಯಾಹ್ನವೇ ಹಾಕಿದ್ನಲ್ಲ!"

"ನನಗೆ ಬಂದಿಲ್ಲಪ್ಪ."

ಸಹಾಯಕ ಫೋನ್ ತೆಗೆದ. ಅವನೆಂಥ ಪುಕ್ಕಲನೆಂದರೆ ಆ ಫೋನಿನಲ್ಲಿ ಇದ್ದವರೆಲ್ಲ ಸಾರ್‌ಗಳೇ. ನಲ್ಲಿ ರಿಪೇರಿ ಸಾರ್, ಲಿಫ್ಟ್ ಸಾರ್, ಸ್ಟುಡಿಯೋ ಸಾರ್. ಬರೀ 'ಸಾರ್' ಎಂದಿದ್ದವರು ಒಬ್ಬರೇ, ಮುಖ್ಯ ಗ್ರಂಥಪಾಲಕರು. ಮೆಸೇಜು ನೇರ ಅವರಿಗೇ ಹೋಗಿತ್ತು!

"ಸಾರ್, ಆರು ಗಂಟೆಗೆ ರೆಡಿಯಾಗಿರಿ. ಇವತ್ತು ಒಂದು ಗಂಟೆ ಬಿಡದೆ ಬಾರಿಸ್ತೀನಿ. ಬಾಗಿಲು ಹಾಕಿದ್ರೆ ಎಷ್ಟು ಬಾರಿಸಿದ್ರೂ ಹೊರಗೆ ಕೇಳಲ್ಲ ಅಲ್ವಾ? ಕೋಲು ನಾನೇ ತರ್ತೀನಿ."

ಕೆಳಗೆ ಎರಡು ನೀಲಿ ಟಿಕ್‌ಗಳು. ಓದಿಯಾಗಿದೆ! ಕಾಯಂ ಕೆಲಸ ಹೋಯಿತು, ಇದ್ದ ಕೆಲಸವೂ ಹೋಯಿತು. ಜೈಲೂ ಆಗಬಹುದೇನೋ! ತಕ್ಷಣ, "ತಪ್ಪಾಯ್ತು ಸಾರ್, ಬಾರಿಸೋದು ನಿಮಗಲ್ಲ, ಬೇರೆ ಸಾರ್ ಹತ್ರ" ಎಂದು ಒತ್ತಿದ. ಹೋಗಲಿಲ್ಲ.

"ಈ ರೂಮಿಂದ ಶಬ್ದ ಹೊರಗೆ ಹೋಗಲ್ಲ, ಸಿಗ್ನಲ್ ಒಳಗೆ ಬರಲ್ಲ" ಎಂದ ಮಾಲೀಕ ಹೆಮ್ಮೆಯಿಂದ. "ಯಾಕೆ ಬೆವರ್ತಿದ್ದೀರಿ? ಕೂತ್ಕೊಂಡು ಬಾರಿಸಿ!"

"ಆ ಮಾತು ಆಡಬೇಡಿ!" ಎಂದು ಕಿರುಚಿ ಅವನು ಮೆಟ್ಟಿಲಿಗೆ ಓಡಿದ. ಸಾರ್‌ಗೆ ಫೋನ್ ಮಾಡಿದ. ಬ್ಯುಸಿ. ಮತ್ತೆ ಮಾಡಿದ. ಬ್ಯುಸಿ. ಪೊಲೀಸರ ಜೊತೆಯೇ ಮಾತಾಡುತ್ತಿರಬೇಕು! ಮೂರನೇ ಸಲ ಒತ್ತಲು ಹೊರಟ. ಅಷ್ಟರಲ್ಲಿ ಹೆಂಡತಿಯ ಕರೆ ಬಂತು.

"ರೀ, ನಿಮ್ಮ ಫೋನ್ ಸಿಗಲಿಲ್ಲ ಅಂತ ನಿಮ್ಮ ಸಾರ್ ನನಗೆ ಮಾಡಿದ್ರು. ಪಾಪ, ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ರಂತೆ. 'ನಿಮ್ಮ ಯಜಮಾನರು ನನಗೆ ಬಾರಿಸೋಕೆ ಬರ್ತಿದ್ದಾರೇನಮ್ಮಾ?' ಅಂದ್ರು."

"ಅಯ್ಯೋ! ನೀನೇನಂದೆ?"

"ಡ್ರಮ್ ವಿಷಯ ಹೇಳಿದೆ, ಅವರು ನಂಬಲಿಲ್ಲ. ಆಮೇಲೆ, 'ಸಾರ್, ಬಲೂನ್ ಒಡೆದ್ರೆ ನನ್ನ ಹಿಂದೆ ಬಂದು ನಿಲ್ಲೋ ಮನುಷ್ಯ ಅವರು, ನೀವು ಧೈರ್ಯವಾಗಿ ಸಹಿ ಹಾಕಿ' ಅಂದೆ."

"ಅದನ್ನ ನಂಬಿದ್ರಾ?"

"ತಕ್ಷಣ ನಂಬಿದ್ರು ಕಣ್ರೀ! ಇನ್ನೂ ಮೂರು ಉದಾಹರಣೆ ಇಟ್ಕೊಂಡಿದ್ದೆ. ಕೇಳಲೇ ಇಲ್ಲ!"