ಬಟ್ಟಲು ನೋಡದೆ ಬಡಿಸಿದ ಮಾತ್ರೆಯ ಮೇಲೆ ದೂರು

ಕದ್ರಿ, ಮಂಗಳೂರು
ನವೆಂಬರ್ ೧೦

ಡಾಕ್ಟರರ ಪೆನ್ನಿಗೆ ಕಾನೂನು ಮಾಡುವ ಕುರ್ಚಿಯಲ್ಲಿ ಕುಳಿತಿರುವ ಪರಮ ಮಾನ್ಯರೇ,

ತಮಗೂ, ತಮ್ಮ ಕುರ್ಚಿಗೂ, ಕುರ್ಚಿಯ ಬೆನ್ನಿಗೆ ಹಾಸಿರುವ ಬಿಳಿ ಟವೆಲಿಗೂ ನನ್ನ ನಮಸ್ಕಾರಗಳು. ಮೊದಲನೆಯ ದೂರು ಈ ಪತ್ರದ ಮೇಲೆಯೇ. ಐದನೇ ಕ್ಲಾಸಿನಲ್ಲಿ ಮಾಸ್ಟ್ರು ಕಿವಿ ಹಿಂಡಿದರೆಂದು ಶಾಲೆ ಬಿಟ್ಟ ನಾನು, ಹೋಟೆಲಿನ ಬೋರ್ಡಿನಲ್ಲಿ ಇವತ್ತು ಯಾವ ಮೀನು ಎಂದು ಸೀಮೆಸುಣ್ಣದಲ್ಲಿ ಬರೆದದ್ದು ಬಿಟ್ಟರೆ ಬೇರೆ ಸಾಹಿತ್ಯ ಮಾಡಿದವನಲ್ಲ. ದೇವರು ಕೊಟ್ಟ ಬಾಯಿ ಸರಿಯಾಗಿ ಕೆಲಸ ಮಾಡುತ್ತಿರುವಾಗ ಕೈಯಿಂದ ಬೈಯಬೇಕಾಗಿ ಬಂದದ್ದು ನನಗೆ ಅವಮಾನ. ತಮ್ಮ ಆಫೀಸಿಗೆ ಫೋನ್ ಮಾಡಿಯೇ ಮುಗಿಸುವ ಎಂದರೆ ಅಲ್ಲಿ ಒಬ್ಬಳು ಯಂತ್ರದ ಹೆಂಗಸು ಒಂದು ಒತ್ತಿ, ಎರಡು ಒತ್ತಿ ಎಂದು ಒತ್ತಿಸಿ ಒತ್ತಿಸಿ ಬೆರಳು ನೋಯಿಸಿದಳು. ಬೆರಳು ನೋವಿಗೂ ನಾನು ದೂರಲು ಹೊರಟ ಮಾತ್ರೆಯನ್ನೇ ಕೊಟ್ಟಾರು ಎಂದು ಹೆದರಿ ಫೋನ್ ಇಟ್ಟೆ. ಆಗ ಸೊಸೆ ಮನ್ವಿತಾ, "ಮಾವ, ನೀವು ಜಗಲಿಯಲ್ಲಿ ನಿಂತು ಬೊಬ್ಬೆ ಹೊಡೆದ್ರೆ ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಗೆ ಕೇಳ್ತದೆ, ಸರಕಾರಕ್ಕೆ ಕೇಳುದಿಲ್ಲ, ಬರೆಯಿರಿ" ಎಂದು ಪೆನ್ನು ಕೊಟ್ಟಳು. ಅಕ್ಷರ ಅಂಕುಡೊಂಕಾಗಿದ್ದರೆ ಕ್ಷಮಿಸಿ. ವಿಷಯ ನೆಟ್ಟಗೆ ಉಂಟು.

ನನ್ನದೊಂದು ಮೀನೂಟದ ಹೋಟೆಲು. ಅಲ್ಲಿ ಕೈ ತೊಳೆಯುವ ಜಾಗದಲ್ಲಿ ಸಾಬೂನಿನ ನೀರು ನಿಲ್ಲುತ್ತದೆ, ಯಾರಾದರೂ ಬಿದ್ದು ಸಾಯುತ್ತಾರೆ ಎಂದು ನಾನು ವರ್ಷಗಟ್ಟಲೆ ಎಲ್ಲರಿಗೂ ಬೈದು, ಕಡೆಗೆ ಸೆಪ್ಟೆಂಬರಿನಲ್ಲಿ ನಾನೇ ಬಿದ್ದೆ. ಸಾಯಲಿಲ್ಲ. ಕುಳಿತುಕೊಳ್ಳುವ ಜಾಗದ ಎಲುಬಿಗೆ ಪೆಟ್ಟಾಯಿತು. ಎಕ್ಸ್‌ರೇ ತೆಗೆದ ಡಾಕ್ಟರ್ ಎಲ್ರೊಯ್ ಎಲುಬು ಮುರಿದಿಲ್ಲ ಎಂದರು, ತುಂಬ ನೋವುಂಟಾ ಎಂದು ಕೇಳಿದರು, ನಾನು ಉಂಟು ಎಂದೆ, ಅಷ್ಟಕ್ಕೆ ಒಂದು ತಿಂಗಳಿನ ಮಾತ್ರೆ ಬರೆದರು. ಈ ಡಾಕ್ಟರು ಚಿನ್ನದಂಥ ಹುಡುಗ. ಕಾಲೇಜಿಗೆ ಹೋಗುವಾಗಿನಿಂದ ನಮ್ಮಲ್ಲೇ ಊಟ, ಬಂಗುಡೆ ಫ್ರೈ ಹಾಕುವಾಗ ನಾನು ದೊಡ್ಡದನ್ನೇ ಹುಡುಕಿ ಹಾಕಿಸಿದ್ದೇನೆ. ಆ ಪ್ರೀತಿಯನ್ನು ಅವರು ಮರೆಯಲಿಲ್ಲ. "ನಿಮಗೆ ಪದೇ ಪದೇ ಬರುವ ಕಷ್ಟ ಬೇಡ ಅಂಕಲ್, ಜಾಸ್ತಿಯೇ ಇರಲಿ" ಎಂದು, ನಾನು ಮೀನು ಹಾಕಿಸಿದ ಹಾಗೆಯೇ ಅವರು ಮಾತ್ರೆ ಹಾಕಿದರು.

ಮಾನ್ಯರೇ, ನಮ್ಮ ಹೋಟೆಲಿಗೂ ಒಂದು ಕಾನೂನು ಉಂಟು. ಗಿರಾಕಿ ಎರಡನೇ ಸಲ ಗಸಿ, ಅಂದರೆ ಮೀನಿನ ಮಂದ ಸಾರು, ಕೇಳಿದರೆ ಸಪ್ಲೈಯರ್ ಮೊದಲು ಬಟ್ಟಲಿನಲ್ಲಿ ಅನ್ನ ಉಂಟಾ ನೋಡಬೇಕು, ಆಮೇಲೆ ಸೌಟು ಎತ್ತಬೇಕು. ಅನ್ನವಿಲ್ಲದ ಬಟ್ಟಲಿಗೆ ಗಸಿ ಹಾಕಿದವನಿಗೆ ನನ್ನಿಂದ ಏನು ಸಿಗುತ್ತದೆ ಎಂಬುದು ಕದ್ರಿಗೆಲ್ಲ ಗೊತ್ತು. ಬರೀ ಹುಳಿ ಮೀನಿನ ಗಸಿಗೆ ಇಷ್ಟು ಶಿಸ್ತು ಇರುವಾಗ, ಅಫೀಮಿನ ಕುಟುಂಬದ ಮಾತ್ರೆಗೆ ಸೌಟಿನ ಲೆಕ್ಕವೇ ಇಲ್ಲದಿರುವುದು ತಮ್ಮ ಉದಾರ ಮನಸ್ಸಿಗೆ ಸಾಕ್ಷಿ. ಹೌದು, ಅಫೀಮಿನ ಕುಟುಂಬ! ಅದು ನನಗೆ ಆಮೇಲೆ ಗೊತ್ತಾದದ್ದು. ಗೋತ್ರದ ಹಾಗಿನ ಬರಿ ಯಾವುದು, ಕುಟುಂಬ ಯಾವುದು ಎಂದು ಕೇಳದೆ ಹೆಣ್ಣು ಕೊಡದ ಊರಿನಲ್ಲಿ, ಕುಟುಂಬ ಹೇಳದೆ ಮಾತ್ರೆಯನ್ನು ಮನೆ ತುಂಬಿಸಿಕೊಟ್ಟರು.

ಮಾತ್ರೆಯ ಗುಣಗಾನ ಮಾಡದಿದ್ದರೆ ನಾಲಿಗೆಗೆ ಹುಳ ಬಿದ್ದೀತು. ನೋವು ಎರಡೇ ದಿನದಲ್ಲಿ ಹೋಯಿತು. ಬೆಳಗ್ಗಿನ ಶೌಚ ಕೂಡ ಅದರ ಹಿಂದೆಯೇ ಹೋಯಿತು, ವಾರಗಟ್ಟಲೆ ತಿರುಗಿ ಬರಲಿಲ್ಲ. ಕಡೆಗೆ ನನ್ನ ಸಿಟ್ಟು ಹೋಯಿತು. ಮಾನ್ಯರೇ, ಆ ಸಿಟ್ಟು ನನ್ನ ಸ್ವಂತ ದುಡಿಮೆಯದ್ದು, ಹೋಟೆಲು ನಿಂತದ್ದೇ ಅದರ ಮೇಲೆ. ಉಳ್ಳಾಲದಿಂದ ಮೀನು ತರುವ ಉಬೈದನ ಬುಟ್ಟಿಯಲ್ಲಿ ನಾನು ದಿನಾ ಮೀನಿನ ಕಿವಿ ಎತ್ತಿ ನೋಡಿ, ಅವನ ಏಳು ತಲೆಮಾರನ್ನು ನೆನೆದು, ಆಮೇಲೆ ಇಳಿಸಿಕೊಳ್ಳುವ ಕ್ರಮ. ಮಾತ್ರೆ ನುಂಗಿದ ಮೇಲೆ ಬುಟ್ಟಿಯ ಕಡೆ ನೋಡದೆ, "ಇಳಿಸು ಮಗಾ, ನೀನು ತಂದದ್ದು ಕೆಟ್ಟದಿರ್ತದಾ" ಎಂದೆನಂತೆ. ಉಬೈದ್ ಬೆವರಿದ. "ತಾರಾನಾಥಣ್ಣ, ಎಂತ ಆಯ್ತು ಮಾರಾಯ್ರೆ ನಿಮಗೆ? ಒಮ್ಮೆ ಬೈಯಿರಿ. ಬೈಗುಳ ಕೇಳದೆ ಹೋದ್ರೆ ನನಗೆ ಮಧ್ಯಾಹ್ನದ ಊಟ ಇಳಿಲಿಕ್ಕಿಲ್ಲ" ಎಂದು ಅಂಗಲಾಚಿದ. ನಾನು ಅವನ ಕೆನ್ನೆ ಸವರಿದೆನಂತೆ.

ಉಪ್ಪು ಕಮ್ಮಿ ಎಂದ ಗಿರಾಕಿಗೆ, ನೀವು ಹೇಳಿದ ಮೇಲೆ ಕಮ್ಮಿಯೇ ಸರಿ ಎಂದು ಕೈ ಮುಗಿದೆ. ಹಳೆಯ ಗಿರಾಕಿಗಳು ಗುಸುಗುಸು ಮಾತಾಡಿಕೊಂಡು, ಕಡೆಗೆ ಒಬ್ಬ ಧೈರ್ಯ ಮಾಡಿ, "ಯಾವ ಪಾರ್ಟಿ ಟಿಕೆಟ್ ಕೊಟ್ಟಿತು?" ಎಂದು ಕೇಳಿದ. ಪಕ್ಕದ ಮನೆಯ ಏವ್ರಿಲ್ ಬಾಯಿ ಮಸ್ಕತ್ತಿಗೆ ಮಗಳ ಮನೆಗೆ ಹೋಗುವಾಗ ನಾಯಿಯನ್ನು ನೋಡಿಕೊಳ್ಳುತ್ತೀರಾ ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದ್ದಕ್ಕೆ ಆಯಿತು ಎಂದೆ. ಆ ಪೊಮೆರೇನಿಯನ್ ಈಗಲೂ ನನ್ನ ಆರಾಮ ಕುರ್ಚಿಯಲ್ಲಿ ಮಲಗಿ ನನ್ನನ್ನೇ ಗುರ್ ಎನ್ನುತ್ತದೆ. ನನ್ನ ಮಗ ಶೋಭಿತ್ ಇಂಥ ಸಂದರ್ಭವನ್ನು ಹುಟ್ಟಿದಾಗಿನಿಂದ ಕಾದಿದ್ದವನು. "ಪಪ್ಪಾ, ಪನೀರ್ ಪುಳಿಮುಂಚಿ ಮಾಡುವನಾ?" ಎಂದ. ಬಂಗುಡೆಗೆ ಹುಟ್ಟಿದ ಖಾರವನ್ನು ಹಾಲಿನ ಗಡ್ಡೆಗೆ ಕಟ್ಟುವ ಆ ಮಾತಿಗೂ ನಾನು ಆಯಿತು ಎಂದೆ. ಬೋರ್ಡಿನಲ್ಲಿ ಅದನ್ನು ಬರೆದದ್ದೂ ನನ್ನದೇ ಕೈ, ಪಕ್ಕದಲ್ಲಿ ಒಂದು ಹೂವಿನ ಚಿತ್ರ ಬೇರೆ.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಹೆಂಡತಿ ವಿನೋದಾ ಎರಡನೇ ಸಲ ಚೀಟಿ ಬರೆಸಲು ತಾನೇ ಹೊರಟಳು. "ಡಾಕ್ಟ್ರೇ, ಇನ್ನೊಂದು ತಿಂಗಳಿಗೆ ಬರೆಯಿರಿ, ಮನೆ ಈಗ ದೇವಸ್ಥಾನದ ಹಾಗೆ ಉಂಟು" ಎಂದಳಂತೆ. "ಬರೆಯುವ ಆಂಟಿ, ಎಂತ ತೊಂದರೆ ಇಲ್ಲ" ಎಂದು ಆ ಚಿನ್ನದಂಥ ಹುಡುಗ ನನ್ನ ಮುಖ ಕೂಡ ನೋಡದೆ ಬರೆದ. ನನ್ನ ಬಟ್ಟಲು ಖಾಲಿಯಾಗಿತ್ತು ಮಾನ್ಯರೇ. ನೋವು ಹೋಗಿ ಎಷ್ಟೋ ದಿನವಾಗಿತ್ತು.

ಆ ಸ್ಟ್ರಿಪ್ಪುಗಳೂ ಮುಗಿದ ದಿನ ಮಾತ್ರೆಯ ನಿಜವಾದ ಬರಿ ತಿಳಿಯಿತು. ಕಾಲಿನೊಳಗೆ ಚಿಗಳಿ ಇರುವೆ ಹರಿದ ಹಾಗೆ, ಫ್ಯಾನಿನಡಿ ಕುಳಿತರೂ ಬೆವರು, ಆಕಳಿಕೆಯ ಮೇಲೆ ಆಕಳಿಕೆ, ಮೂಗು ಸೋರುತ್ತದೆ. ಎಲುಬು ಸುಮ್ಮನಿತ್ತು, ಉಳಿದ ಶರೀರವೆಲ್ಲ ಮಾತ್ರೆಗಾಗಿ ಬೊಬ್ಬೆ ಹೊಡೆಯುತ್ತಿತ್ತು. ನಾನು ಹಳೆಯ ಚೀಟಿ ಹಿಡಿದು ಮೆಡಿಕಲಿಗೆ ಹೋದೆ. ಅಲ್ಲಿ ನತಾಶಾ ಎಂಬ ಹುಡುಗಿ ಚೀಟಿಯನ್ನು ನೋಡಿ, ನನ್ನನ್ನು ನೋಡಿ, "ಹಳೆ ಚೀಟಿಗೆ ಕೊಡ್ಲಿಕ್ಕಿಲ್ಲ ಅಂಕಲ್" ಎಂದಳು. ಬೈದೆ. "ಬೈದ್ರೂ ಇಲ್ಲ" ಎಂದಳು. ಆಗ ನಾನು, ಈ ತಾರಾನಾಥ, ಆದಾಯ ತೆರಿಗೆಯವರಿಗೂ ತಲೆ ತಗ್ಗಿಸದವನು, ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಇಟ್ಟು, "ದಮ್ಮಯ್ಯ ಮಗಳೇ, ಎರಡಾದರೂ ಕೊಡು" ಎಂದೆ.

ಹಿಂದೆ ವಿನೋದಾ ನಿಂತಿದ್ದಳು. ಅವಳು ನನ್ನ ಬಾಯಿಯಿಂದ ದಮ್ಮಯ್ಯ ಎಂಬ ಮಾತು ಕೇಳಿದ್ದು ಅದೇ ಮೊದಲು. ಕೈ ಹಿಡಿದು ಮನೆಗೆ ಕರೆತಂದು, ಚಪ್ಪಲಿ ಬಿಡುವ ಮೊದಲೇ, "ನನಗೆ ಬೈಯುವ ಗಂಡ ಸಾಕು. ಇದು ಬೇಡ" ಎಂದಳು.

ಮರುದಿನ ಅವಳೇ ಡಾಕ್ಟರರಿಗೆ ವಿಷಯ ಹೇಳಿದಳು. ಅವರು ಮುಖ ಸಣ್ಣ ಮಾಡಿ, ಒಮ್ಮೆಲೇ ಬಿಡುವುದು ಬೇಡ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡುವ ಎಂದು ಅರ್ಧರ್ಧ ಮಾತ್ರೆಯ ಲೆಕ್ಕ ಕೊಟ್ಟಿದ್ದಾರೆ. ಅದು ಸರಿ. ಸರಿಯಲ್ಲದ್ದು ಅವರು ಕಡೆಗೆ ಹೇಳಿದ ಮಾತು: "ಇಪ್ಪತ್ತೊಂದಕ್ಕೆ ಬನ್ನಿ ಅಂಕಲ್, ಇನ್ನೂ ಬೇಕಾ ಬೇಡ್ವಾ ನೀವೇ ಹೇಳಿ, ಹಾಗೆ ಮಾಡುವ." ಮಾನ್ಯರೇ, ಶರಾಬಿನಂಗಡಿಯವನು ಕೂಡ ಕುಡಿದು ಬಿದ್ದವನನ್ನು ಎಬ್ಬಿಸಿ ಇಷ್ಟು ಮರ್ಯಾದೆಯಿಂದ ಕೇಳುವುದಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಇಂಥ ಮಾತ್ರೆ ಬರೆಯುವ ಡಾಕ್ಟರರು ಮೊದಲು ತಾವೇ ಒಂದನ್ನು ನುಂಗಿ, ಬೆಳಗ್ಗೆ ಬಂದರಿನ ದಕ್ಕೆಗೆ ಹೋಗಿ ಮೀನಿನ ಹೆಂಗಸರ ಹತ್ತಿರ ಚೌಕಾಸಿ ಮಾಡಿ, ಮೋಸ ಹೋಗದೆ ತಿರುಗಿ ಬಂದರೆ ಮಾತ್ರ ಪೆನ್ನು ಮುಟ್ಟತಕ್ಕದ್ದು ಎಂದು ಆಜ್ಞೆ ಮಾಡಬೇಕು. ಮಾತ್ರೆಯನ್ನು ಗೋಳಿಬಜೆಯಷ್ಟು ದೊಡ್ಡದು ಮಾಡಿಸಬೇಕು. ಗಂಟಲಾದರೂ ಯೋಚನೆ ಮಾಡೀತು. ಸಿಗರೇಟಿನ ಪ್ಯಾಕಿನಲ್ಲಿ ಕೊಳೆತ ಶ್ವಾಸಕೋಶದ ಚಿತ್ರ ಹಾಕುವ ಹಾಗೆ ಇದರ ಮೇಲೆ ನಗುತ್ತಿರುವ ನನ್ನ ಫೋಟೋ ಹಾಕಬೇಕು. ನನ್ನನ್ನು ಬಲ್ಲವರು ಮುಟ್ಟಲಿಕ್ಕಿಲ್ಲ. ಇದೆಲ್ಲ ತಮ್ಮಿಂದ ಆಗದಿದ್ದರೆ ಸಣ್ಣದೊಂದು ಮಾಡಿ: ಮೊದಲ ಸಲ ನಾಲ್ಕು ದಿನಕ್ಕೆ ಬರೆಯಲಿ, ಇದು ಯಾವ ಕುಟುಂಬದ್ದು ಎಂದು ಹೇಳಲಿ, ಪುನಃ ಬೇಕೆಂದರೆ ಹೆಂಡತಿಯನ್ನಲ್ಲ, ರೋಗಿಯನ್ನು ಎದುರು ಕೂರಿಸಿ ನೋಡಲಿ, ಹಾಗೆ ನೋಡದೆ ಬರೆದ ಡಾಕ್ಟರನ್ನು ಯಾರಾದರೂ ಕರೆದು ಕೇಳಲಿ.

ಆದರೆ ಬಿಗಿ ಮಾಡುವ ಹುಮ್ಮಸ್ಸಿನಲ್ಲಿ ಎಲ್ಲ ಬಾಗಿಲಿಗೂ ಬೀಗ ಹಾಕಬೇಡಿ. ನಮ್ಮ ಹೋಟೆಲಿನಲ್ಲಿ ಮಸಾಲೆ ಅರೆಯುತ್ತಿದ್ದ ಹೇಮಾಕ್ಷಿಗೆ ಕ್ಯಾನ್ಸರ್. ಅವಳಿಗೆ ಬೇಕಾದದ್ದೂ ಇದೇ ಕುಟುಂಬದ ಮದ್ದು, ಇದಕ್ಕಿಂತ ಜೋರಿನದ್ದು. ಅದನ್ನು ತರಲು ಅವಳ ಮಗ ಮುಖೇಶ್ ಪಣಂಬೂರಿನ ಕೆಲಸಕ್ಕೆ ರಜೆ ಹಾಕಿ, ಕಾಗದ ಹಿಡಿದು, ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆಯುತ್ತಾನೆ. ಸೈನ್ ಹಾಕುವವರು ಸಿಗದ ದಿನ ಅವಳು ಸೀರೆಯ ಸೆರಗು ಕಚ್ಚಿ ಮಲಗಿರುತ್ತಾಳೆ. ಜಾರಿ ಬಿದ್ದವನಿಗೆ ಎರಡು ತಿಂಗಳಿನದ್ದು, ಸಾಯುವ ನೋವಿನವಳಿಗೆ ನಾಳೆ ಬಾ. ಇದು ಯಾವ ನ್ಯಾಯ ಮಾರಾಯ್ರೆ? ಅವಳ ಬಟ್ಟಲಿನಲ್ಲಿ ಅನ್ನ ಉಂಟು. ಅಲ್ಲಿ ಸೌಟು ಎತ್ತಿ.

ಬಾಯಿಯಿಂದ ಹೇಳುವ ಅವಕಾಶ ಕೊಟ್ಟಿದ್ದರೆ ಇದರ ಕಾಲು ಪಾಲು ಹೊತ್ತಿನಲ್ಲಿ ಮುಗಿಯುತ್ತಿತ್ತು, ತಮ್ಮ ಕಿವಿಗೂ ನೆನಪಿರುತ್ತಿತ್ತು.

ಇಂದು ಅರ್ಧ ಮಾತ್ರೆಯಲ್ಲಿಯೂ ಪೂರ್ತಿ ಸಿಟ್ಟಿನಲ್ಲಿಯೂ ಇರುವ,
ತಮ್ಮ ವಿಶ್ವಾಸಿ,
ತಾರಾನಾಥ

ಮರೆತ ಮಾತು: ತಮ್ಮ ಪತ್ರ ತಲುಪಿದೆ, ವಿಷಯ ಪರಿಶೀಲನೆಯಲ್ಲಿದೆ, ಸಮಿತಿ ಮಾಡಲಾಗುವುದು ಎಂದು ಬರೆಯುವ ಶ್ರಮ ತೆಗೆದುಕೊಳ್ಳಬೇಡಿ, ಅಂಥ ಕಾಗದದಲ್ಲಿ ನಾವು ಬಜೆಯ ಎಣ್ಣೆ ಒರೆಸುತ್ತೇವೆ. ಇಪ್ಪತ್ತೊಂದನೇ ತಾರೀಕು ಬೆಳಗ್ಗೆ ನಾನು ಡಾಕ್ಟರರ ಎದುರು ಕೂತಿರುತ್ತೇನೆ. ಬೇಕಾ ಬೇಡವಾ ಎಂದು ಅವರು ಕೇಳುತ್ತಾರೆ. ನಾನು ಬೇಕು ಎನ್ನುತ್ತೇನೆ, ಅದು ನನಗೆ ಈಗಲೇ ಗೊತ್ತು. ನವೆಂಬರ್ ಇಪ್ಪತ್ತರ ಸಂಜೆಯೊಳಗೆ ಉತ್ತರ ಕೊಡಿ.